ಮೂರು ನಿಮಿಷದ ಪ್ಲೇಟಿಗೆ ಒಗ್ಗದ ಕುಂದಗೋಳದ ಗಂಧರ್ವ

ಹಳೆಯ ವಸ್ತುಗಳ ಮೇಲಿನ ಮೋಹಕ್ಕೆ ದೇಶ ಭಾಷೆಗಳ ಗಡಿಯಿಲ್ಲ. ಅಮೆರಿಕದ ಹಿರಿಯರಿಗೆ 1950ರ ದಶಕವೆಂದರೆ ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಅಲಂಕಾರ ಹೊತ್ತ ಕ್ಯಾಡಿಲಾಕ್ ಮತ್ತು ಶೆವರ್ಲೆ ಕಾರುಗಳು, ಅಂಗಡಿಯ ಮೂಲೆಯಲ್ಲಿ ಕಾಸು ಹಾಕಿದರೆ ಹಾಡುತ್ತಿದ್ದ ಪೆಟ್ಟಿಗೆಗಳು, ಮನೆಯಂಗಳದ ಬಿಡುವಿನ ಸಂಜೆಗಳು. ಧಾರವಾಡ ಸೀಮೆಯಲ್ಲಿ ಹಳೆಯ ಕಾಲವನ್ನು ನೆನೆಯುವವರ ಕಣ್ಣ ಮುಂದೆ ಬರುವ ಚಿತ್ರ ಬೇರೆ. ಎರೆಹೊಲದ ನಡುವೆ ಹೊಗೆಯುಗುಳುತ್ತ ಸಾಗುವ ಮೀಟರ್ ಗೇಜ್ ರೈಲು, ವಾಡೆಯ ಪಡಸಾಲೆಯಲ್ಲಿ ನಸುಕಿನವರೆಗೆ ನಡೆಯುವ ಬೈಠಕ್ಕು, ಕೀಲಿ ಕೊಟ್ಟು ತಿರುಗಿಸುವ ನಾಯಿ ಮಾರ್ಕಿನ ಗ್ರಾಮೋಫೋನು. ಈ ಚಿತ್ರದ ಮಧ್ಯದಲ್ಲಿ ತಂಬೂರಿ ಹಿಡಿದು ಕುಳಿತವರು ಕುಂದಗೋಳದ ರಾಮಭಾವು. ಸಂಗೀತ ಲೋಕ ಅವರನ್ನು ಬಲ್ಲುದು ಸವಾಯಿ ಗಂಧರ್ವ ಎಂಬ ಹೆಸರಿನಿಂದ.

ಕೋಟ್ಯಂತರ ಕೇಳುಗರಿಗೆ ಇಂದು ಅವರು ಭೀಮಸೇನ ಜೋಶಿಯವರ ಗುರು, ಗಂಗೂಬಾಯಿ ಹಾನಗಲ್ಲರ ಗುರು. ಶಿಷ್ಯರ ಕೀರ್ತಿಯ ಬೆಳಕಿನಲ್ಲಿಯೇ ಗುರುವಿನ ಮುಖ ಕಾಣುವಂತಾಗಿದೆ. ಅವರ ಸ್ವಂತ ಗಾಯನವನ್ನು ಮನದಣಿಯೆ ಕೇಳುವ ಭಾಗ್ಯ ಮುಂದಿನ ತಲೆಮಾರುಗಳಿಗೆ ಒದಗಲಿಲ್ಲ. ಅದಕ್ಕೆ ಕಾರಣ ಅವರ ಕಂಠದಲ್ಲಿ ಇರಲಿಲ್ಲ; ಕಾಲದ ಯಂತ್ರದಲ್ಲಿ ಇತ್ತು.

ವಾಡೆಯ ನೆರಳಿನಲ್ಲಿ ಬಾಲ್ಯ

ರಾಮಭಾವು ಜನಿಸಿದ್ದು 1886ರ ಜನವರಿ 19ರಂದು. ಆಗ ಕುಂದಗೋಳವು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಕರಿಮಣ್ಣಿನ ಊರು. ಚಾಲುಕ್ಯರ ಕಾಲದ ಶಂಭುಲಿಂಗೇಶ್ವರ ದೇವಾಲಯ ಅದರ ಹಿರಿಮೆ. ತಂದೆ ಗಣೇಶ ಸಂಶಿಯವರು ಊರಿನ ಜಮೀನುದಾರರಾದ ನಾಡಗೀರರಲ್ಲಿ ಕಾರಕೂನರಾಗಿದ್ದರು. ಹೀಗಾಗಿ ನಾಡಗೀರರ ವಾಡೆ ಬಾಲಕನಿಗೆ ಎರಡನೆಯ ಮನೆಯಾಯಿತು. ಸಂಗೀತಪ್ರಿಯರಾದ ಆ ಮನೆತನದವರ ಪಡಸಾಲೆಯಲ್ಲಿ ದೂರದೂರದ ಗಾಯಕರು ಹಾಡುತ್ತಿದ್ದರು.

ಹೆಚ್ಚಿನ ಓದಿಗಾಗಿ ಹುಡುಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿಸಲಾಯಿತು. ಆದರೆ ವಿದ್ಯೆ ಹತ್ತಲಿಲ್ಲ. ಮಗನ ಒಲವು ಹಾಡಿನ ಕಡೆಗೆ ಇರುವುದನ್ನು ಅರಿತ ತಂದೆ ಬಳವಂತರಾವ್ ಕೊಲ್ಹಟಕರ ಎಂಬ ಗಾಯಕರಲ್ಲಿ ಪಾಠಕ್ಕೆ ಬಿಟ್ಟರು. ಧ್ರುಪದಗಳ ಗಟ್ಟಿ ಅಡಿಪಾಯ ದೊರೆತದ್ದು ಅಲ್ಲಿಯೇ. 1898ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ಹನ್ನೆರಡರ ಹುಡುಗನ ಕಲಿಕೆ ಅರ್ಧಕ್ಕೆ ನಿಂತಿತು.

ಅದನ್ನು ಮುಂದುವರಿಸಿದವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು. ಉತ್ತರದ ಕೈರಾನಾದಲ್ಲಿ ಹುಟ್ಟಿ ಮಿರಜನ್ನು ಮನೆಯಾಗಿಸಿಕೊಂಡಿದ್ದ ಖಾನಸಾಹೇಬರು ಧಾರವಾಡ, ಹುಬ್ಬಳ್ಳಿಗಳಿಗೆ ಮೇಲಿಂದ ಮೇಲೆ ಬಂದುಹೋಗುತ್ತಿದ್ದರು. ನಾಡಗೀರರ ವಾಡೆಯಲ್ಲಿ ಅವರು ಹಾಡಿದ ಚೀಜನ್ನು ಕೇಳಿ, ಅದನ್ನೇ ಗುನುಗುತ್ತಿದ್ದ ಹುಡುಗನನ್ನು ಅವರು ಗುರುತಿಸಿದರೆಂಬುದು ಕುಂದಗೋಳದಲ್ಲಿ ಮನೆಮಾತಾದ ಸಂಗತಿ. ಅವರ ಬಳಿ ಕಲಿಯುವುದೆಂದರೆ ವರುಷಗಳ ವ್ರತ. ಒಂದೊಂದು ಸ್ವರವೂ ತಂಬೂರಿಯ ನಾದದಲ್ಲಿ ಕರಗುವ ತನಕ ಮುಂದಿನ ಸ್ವರದ ಮಾತಿಲ್ಲ.

ರಾಮಭಾವು ಅವರ ಕಂಠ ಹುಟ್ಟಿನಿಂದ ಸುಲಭವಾಗಿ ಒಲಿದುದಲ್ಲ. ಹರೆಯಕ್ಕೆ ಬಂದಾಗ ಒಡೆದ ದನಿ ಒರಟಾಯಿತು. ಅದನ್ನು ಪಳಗಿಸಿದ್ದು ಕೇವಲ ರಿಯಾಜು. ಕಛೇರಿಗೆ ಕುಳಿತಾಗಲೂ ದನಿ ಹದಕ್ಕೆ ಬರಲು ಸಾಕಷ್ಟು ಹೊತ್ತು ಬೇಕಾಗುತ್ತಿತ್ತು. ಒಮ್ಮೆ ಹದಗೊಂಡ ಮೇಲೆ ರಾಗವು ಮೆಲ್ಲಗೆ, ದಳದಳವಾಗಿ ಅರಳುತ್ತಿತ್ತು. ಅವರ ಗಾಯನದ ಈ ಸ್ವಭಾವವೇ ಮುಂದೆ ಅವರ ಕೀರ್ತಿಗೂ, ಅವರ ನಷ್ಟಕ್ಕೂ ಕಾರಣವಾಯಿತು.

ಬಣ್ಣದ ಬದುಕು

ಆ ದಿನಗಳಲ್ಲಿ ಗಾಯಕನಿಗೆ ಅನ್ನ ಕೊಡುತ್ತಿದ್ದುದು ನಾಟಕ ಕಂಪನಿ. ಸಿನಿಮಾ ಇನ್ನೂ ಮಾತು ಕಲಿತಿರಲಿಲ್ಲ. ಮರಾಠಿ ಸಂಗೀತ ನಾಟಕಗಳಿಗೆ ಮುಂಬಯಿ ಕರ್ನಾಟಕದ ಊರುಗಳಲ್ಲಿಯೂ ಜನ ಕಿಕ್ಕಿರಿದು ಸೇರುತ್ತಿದ್ದರು. ರಾಮಭಾವು ಕಂಪನಿ ಸೇರಿದ್ದು ಗುರುಗಳಿಗೆ ರುಚಿಸಲಿಲ್ಲ. ರಂಗದ ಮೇಲೆ ಕೂಗಿ ಹಾಡಿದರೆ ತಾವು ತಿದ್ದಿದ ಕಂಠ ಕೆಟ್ಟೀತೆಂಬ ಆತಂಕ ಖಾನಸಾಹೇಬರದು. ಶಿಷ್ಯನಿಗೆ ಮನೆ ನಡೆಸುವ ಚಿಂತೆ. ಎರಡೂ ಸುಳ್ಳಲ್ಲ.

ಸ್ತ್ರೀ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲವದು. ಸೌಭದ್ರ ನಾಟಕದ ಸುಭದ್ರೆಯ ಪಾತ್ರದಲ್ಲಿ ರಾಮಭಾವು ಹಾಡಿದ ಪದಗಳು ಪ್ರೇಕ್ಷಕರನ್ನು ಸೂರೆಗೊಂಡವು. ಲೋಕಮಾನ್ಯ ತಿಲಕರಿಂದ ಬಾಲಗಂಧರ್ವರೆಂಬ ಹೆಸರು ಪಡೆದ ನಾರಾಯಣರಾವ್ ರಾಜಹಂಸರು ಆಗ ಮರಾಠಿ ರಂಗಭೂಮಿಯ ಅನಭಿಷಿಕ್ತ ದೊರೆ. ಕುಂದಗೋಳದ ಗಾಯಕ ಅವರಿಗಿಂತ ಕಾಲು ಪಟ್ಟು ಮಿಗಿಲು ಎಂಬರ್ಥದಲ್ಲಿ ಸವಾಯಿ ಗಂಧರ್ವ ಎಂಬ ಬಿರುದು ಬಂದಿತು. ಸವಾಯಿ ಎಂದರೆ ಒಂದೂಕಾಲು. ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರ ಹೆಸರು ಈ ಬಿರುದಿನೊಂದಿಗೆ ತಳುಕು ಹಾಕಿಕೊಂಡಿದೆ.

1931ರಲ್ಲಿ ಹಿಂದಿಯ ಆಲಂ ಆರಾ, 1932ರಲ್ಲಿ ಮರಾಠಿಯ ಮೊದಲ ವಾಕ್ಚಿತ್ರ, 1934ರಲ್ಲಿ ಕನ್ನಡದ ಸತಿ ಸುಲೋಚನಾ ತೆರೆಗೆ ಬಂದವು. ನಾಟಕ ಕಂಪನಿಗಳ ದೀಪಗಳು ಒಂದೊಂದಾಗಿ ಆರತೊಡಗಿದವು. ಬಣ್ಣ ತೊಳೆದುಕೊಂಡ ರಾಮಭಾವು ಮತ್ತೆ ಶುದ್ಧ ಸಂಗೀತಕ್ಕೆ, ಕುಂದಗೋಳಕ್ಕೆ ಮರಳಿದರು.

ಅರಗಿನ ತಟ್ಟೆಯಲ್ಲಿ ಸೆರೆಯಾದ ನಾದ

ಅಷ್ಟರಲ್ಲಿ ಗ್ರಾಮೋಫೋನು ಮನೆ ಮನೆಯ ಬಯಕೆಯಾಗಿತ್ತು. ಅಮೆರಿಕದಲ್ಲಿ ನೆಲೆಸಿದ ಎಮಿಲ್ ಬರ್ಲಿನರ್ 1887ರಲ್ಲಿ ರೂಪಿಸಿದ ಈ ಯಂತ್ರಕ್ಕೆ ಕಲಕತ್ತೆಯಲ್ಲಿ ಗೌಹರ್ ಜಾನ್ 1902ರಲ್ಲಿ ಹಾಡಿದ್ದರು. 1908ರ ಹೊತ್ತಿಗೆ ಅಲ್ಲಿಯೇ ಪ್ಲೇಟು ಒತ್ತುವ ಕಾರ್ಖಾನೆ ತೆರೆಯಿತು. ಅರಗು ಬೆರೆತ ಈ ಕರಿಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಕೈಜಾರಿದರೆ ಚೂರು ಚೂರು. ಉಕ್ಕಿನ ಮುಳ್ಳನ್ನು ಮತ್ತೆ ಮತ್ತೆ ಬದಲಿಸಬೇಕು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು.

ಅಬ್ದುಲ್ ಕರೀಂ ಖಾನರು ಈ ಮೂರು ನಿಮಿಷವನ್ನು ಗೆದ್ದರು. ಅವರ ಝಿಂಝೋಟಿ ಠುಮ್ರಿಯ ಪ್ಲೇಟನ್ನು ಗದುಗಿನ ಅಂಗಡಿಯೊಂದರಲ್ಲಿ ಕೇಳಿದ ಭೀಮಸೇನನೆಂಬ ಹುಡುಗ ಹುಚ್ಚನಾದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಓಡಿದ. ಗ್ವಾಲಿಯರ್, ಕಲಕತ್ತೆ, ಜಲಂಧರಗಳನ್ನು ಸುತ್ತಿದ ಆ ಹುಡುಗನಿಗೆ ವಿನಾಯಕರಾವ್ ಪಟವರ್ಧನರು ತೋರಿಸಿದ ದಾರಿ ತನ್ನ ಸೀಮೆಯದ್ದೇ ಆಗಿತ್ತು. ಸವಾಯಿ ಗಂಧರ್ವರು ಇರುವಾಗ ಇಷ್ಟು ದೂರ ಅಲೆಯುವುದೇಕೆ ಎಂಬುದೇ ಅವರ ಸಲಹೆಯ ಸಾರ.

ಸವಾಯಿ ಗಂಧರ್ವರೂ ಪ್ಲೇಟುಗಳಿಗೆ ಹಾಡಿದರು. ಆದರೆ ದನಿ ಹದಗೊಳ್ಳಲು ಬೇಕಾಗುವ ಹೊತ್ತಿಗಿಂತ ಮೊದಲೇ ತಟ್ಟೆ ಮುಗಿದುಹೋಗುತ್ತಿತ್ತು. ಆಲಾಪಕ್ಕೆ ಎಡೆಯಿಲ್ಲ; ಬಡತಕ್ಕೆ ಬಿಡುವಿಲ್ಲ. ಮಹಲಿನ ಬಾಗಿಲ ಸಂದಿಯಿಂದ ಇಣುಕಿದಂತೆ ಆ ಪ್ಲೇಟುಗಳಲ್ಲಿ ಗಾಯಕನ ಒಂದು ಓರೆನೋಟ ಮಾತ್ರ ದಕ್ಕುತ್ತದೆ.

ಕುಂದಗೋಳದ ಗುರುಮನೆ

1936ರಲ್ಲಿ ಭೀಮಸೇನರು ಕುಂದಗೋಳಕ್ಕೆ ಬಂದರು. ಗುರುಕುಲದ ಮೊದಲ ಪಾಠ ಹಾಡಲ್ಲ. ನೀರು ತರುವುದು, ಮನೆಗೆಲಸ ಮಾಡುವುದು. ಬಳಿಕ ತೋಡಿ, ಮುಲ್ತಾನಿ, ಪೂರಿಯಾ. ಕೆಲವೇ ರಾಗಗಳನ್ನು ವರುಷಗಟ್ಟಲೆ ತಿದ್ದುವುದು ಅವರ ಕ್ರಮವಾಗಿತ್ತು. ಆ ಕೆಲವು ರಾಗಗಳು ವಶವಾದರೆ ಉಳಿದವು ತಾವಾಗಿಯೇ ದಾರಿ ಬಿಡುತ್ತವೆ ಎಂಬುದು ಈ ಶಿಕ್ಷಣದ ಒಳಗುಟ್ಟು.

ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಮನೆ, ಮಕ್ಕಳು, ಕಛೇರಿಗಳ ನಡುವೆಯೂ ಆ ಪಯಣವನ್ನು ಅವರು ತಪ್ಪಿಸಲಿಲ್ಲ. ಮುಂಬಯಿಯ ಪಾರ್ಸಿ ಮನೆತನದ ಫಿರೋಜ್ ದಸ್ತೂರರೂ, ಇದೇ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳೂ ಈ ಗುರುವಿನಿಂದ ಪಡೆದವರು. ಮುಸಲ್ಮಾನ ಉಸ್ತಾದರ ವಿದ್ಯೆಯನ್ನು ಬ್ರಾಹ್ಮಣ ಗುರುವೊಬ್ಬರು ಪಾರ್ಸಿ ಯುವಕನಿಗೂ, ಲಿಂಗಾಯತ ಗಾಯಕನಿಗೂ, ಸಮಾಜ ಕೀಳಾಗಿ ಕಂಡ ಕುಲದ ಹೆಣ್ಣುಮಗಳಿಗೂ ಸಮನಾಗಿ ಹಂಚಿದ ಊರು ಕುಂದಗೋಳ.

ಇಂಥ ಹೊತ್ತಿನಲ್ಲಿ ವಿಧಿ ಎರಗಿತು. 1940ರ ದಶಕದ ಮೊದಲ ವರ್ಷಗಳಲ್ಲಿ ಲಕ್ವ ಹೊಡೆದು ಸವಾಯಿ ಗಂಧರ್ವರ ಕಛೇರಿಗಳು ನಿಂತುಹೋದವು. ಹದಕ್ಕೆ ತರಲು ಅರ್ಧ ಆಯುಷ್ಯ ಸವೆಸಿದ ಕಂಠ ಮಾತಿಗೂ ತಡವರಿಸಿತು. ಪಾಠ ಮಾತ್ರ ನಿಲ್ಲಲಿಲ್ಲ. 1946ರಲ್ಲಿ ಪುಣೆಯಲ್ಲಿ ನಡೆದ ಅವರ ಷಷ್ಟ್ಯಬ್ದಿ ಸಮಾರಂಭದಲ್ಲಿ ಭೀಮಸೇನರು ಹಾಡಿದಾಗ, ಗುರು ತಾವು ಹಾಡಲಾಗದ್ದನ್ನು ಶಿಷ್ಯನ ದನಿಯಲ್ಲಿ ಕೇಳಿದರು.

ತಡವಾಗಿ ಬಂದ ಯಂತ್ರ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನ್ಯೂಯಾರ್ಕಿನಲ್ಲಿ ಎಲ್‌ಪಿ ಎಂಬ ಹೊಸ ತಟ್ಟೆಯನ್ನು ಹೊರತಂದಿತು. ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತು. ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತ. ಹಿಂದುಸ್ತಾನಿ ಖ್ಯಾಲಿಗೆ ಬೇಕಾಗಿದ್ದುದು ಇಂಥದೇ ತಟ್ಟೆ. ಅದೇ ವರ್ಷ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಕುಂದಗೋಳವೂ ಹೊಸ ಭಾರತದ ಊರಾಯಿತು. ಆದರೆ ಆ ತಟ್ಟೆಯ ಮೇಲೆ ರಾಗವನ್ನು ಬಿಡಿಸಬಹುದಾಗಿದ್ದ ಗಾಯಕ ಆಗಲೇ ಮೌನಿಯಾಗಿದ್ದರು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು.

ಹೊಸ ಯುಗ ಶಿಷ್ಯನ ಪಾಲಿಗೆ ಬಂದಿತು. ಎಲ್‌ಪಿ ತಟ್ಟೆಗಳು, ವಿಮಾನ ಪ್ರಯಾಣ, ಅಮೆರಿಕದ ಸಭಾಂಗಣಗಳು, ಎಲ್ಲಕ್ಕೂ ಮಿಗಿಲಾಗಿ ಕಾರು! ಭೀಮಸೇನರ ಕಾರಿನ ಮೋಹ ಸಂಗೀತ ವಲಯದಲ್ಲಿ ದಂತಕಥೆಯೇ ಸರಿ. ಇಂಜಿನ್ನಿನ ಮರ್ಮ ಬಲ್ಲವರು. ಒಂದೂರಲ್ಲಿ ಕಛೇರಿ ಮುಗಿಸಿ ರಾತ್ರಿಯೆಲ್ಲ ತಾವೇ ಗಾಡಿ ಓಡಿಸಿ ಮತ್ತೊಂದೂರು ತಲುಪುತ್ತಿದ್ದವರು. ಗುರುವಿನ ಕಾಲ ರೈಲಿನ ವೇಳಾಪಟ್ಟಿಗೆ ಕಟ್ಟುಬಿದ್ದಿತ್ತು. ಶಿಷ್ಯನ ಕಾಲಕ್ಕೆ ಚಕ್ರದ ಹಿಡಿತ ಗಾಯಕನ ಕೈಗೇ ಬಂದಿತ್ತು. ಆದರೆ ಆ ವೇಗದ ಬದುಕಿನಲ್ಲಿಯೂ ಹಾಡಲು ಕುಳಿತರೆ ಹೊರಡುತ್ತಿದ್ದುದು ಕುಂದಗೋಳದ ನಿಧಾನವೇ.

1953ರಲ್ಲಿ ಗುರುವಿನ ಸ್ಮರಣೆಗಾಗಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವ ದೇಶದ ದೊಡ್ಡ ಸಂಗೀತ ಮೇಳಗಳಲ್ಲಿ ಒಂದಾಗಿ ಬೆಳೆಯಿತು. ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರೂ ಭೀಮಸೇನರೂ ಅದಕ್ಕೆ ಹೆಗಲು ಕೊಟ್ಟರು. ಹುಬ್ಬಳ್ಳಿಯ ಸಭಾಭವನವೊಂದು ಸವಾಯಿ ಗಂಧರ್ವರ ಹೆಸರು ಹೊತ್ತಿದೆ. ಕುಂದಗೋಳದ ನಾಡಗೀರರ ವಾಡೆಯಲ್ಲಿ ಪುಣ್ಯತಿಥಿಯ ಅಹೋರಾತ್ರಿ ಸಂಗೀತದ ಪರಂಪರೆ ಬೆಳೆದುಬಂದಿತು. ಗಂಗೂಬಾಯಿಯವರು 2009ರಲ್ಲಿ, ಭಾರತರತ್ನ ಭೀಮಸೇನರು 2011ರಲ್ಲಿ ಅಗಲಿದರು.

ಹಳೆಯ ಕಾರನ್ನು ತಿಕ್ಕಿ ತೊಳೆದು ಮತ್ತೆ ರಸ್ತೆಗಿಳಿಸಬಹುದು. ಹಳೆಯ ಪ್ಲೇಟಿನ ಗೀರುಗಳನ್ನು ಗಣಕಯಂತ್ರದಿಂದ ತೊಡೆಯಬಹುದು. ಮುದ್ರಣಗೊಳ್ಳದೆ ಹೋದ ಮೂರನೆಯ ನಿಮಿಷದಾಚೆಯ ನಾದವನ್ನು ಮರಳಿ ತರುವ ಯಂತ್ರ ಮಾತ್ರ ಎಲ್ಲಿಯೂ ಇಲ್ಲ. ಸವಾಯಿ ಗಂಧರ್ವರ ಪಾಲಿಗೆ ಆ ಕೆಲಸವನ್ನು ಮನುಷ್ಯರು ಮಾಡಿದರು. ನೀರು ಹೊತ್ತ ಹುಡುಗನೂ, ರೈಲು ಹತ್ತಿ ಬಂದ ಹೆಣ್ಣುಮಗಳೂ ಅವರ ದೀರ್ಘ ಮುದ್ರಿಕೆಗಳಾದರು.