ಶಿವಯೋಗಿ ಸಿದ್ಧರಾಮೇಶ್ವರರ ಕೆರೆಯ ಕಾಯಕ

12ನೆಯ ಶತಮಾನದಲ್ಲಿ ಸೊನ್ನಲಿಗೆಯ ಮುದ್ದುಗೌಡ-ಸುಗ್ಗಲಾದೇವಿಯರಿಗೆ ಜನಿಸಿದ ಸಿದ್ಧರಾಮೇಶ್ವರರು ಬಾಲ್ಯದಲ್ಲಿಯೇ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದರು. ಮರಳಿ ಬಂದು, ಇಂದು ಸೊಲ್ಲಾಪುರವೆನಿಸಿದ ಆ ಊರಿನಲ್ಲಿ ದೇಗುಲವನ್ನು ಕಟ್ಟಿಸಿದರು. ಸಕಲ ಜೀವಿಗಳ ನೀರಡಿಕೆಯನ್ನು ನೀಗಲು ಭಕ್ತಸಮೂಹದೊಡನೆ ಕೆರೆಯನ್ನು ತೋಡಿಸಿದರು.

ಕೆರೆಯು ಒಮ್ಮೆ ಕಟ್ಟಿ ಮರೆಯತಕ್ಕ ವಸ್ತುವಲ್ಲ. ಏರಿಯ ಮೇಲಿನ ಮರದ ಬೇರು ಕೊಳೆತರೂ, ಇಲಿ ಏಡಿಗಳು ಬಿಲ ತೋಡಿದರೂ ನೀರು ಅದೇ ದಾರಿ ಹಿಡಿದು ಒಳಗಿನ ಮಣ್ಣನ್ನು ಕೊರೆಯುವುದು. ಕೋಡಿಯು ಗಿಡಗಂಟಿಗಳಿಂದ ಮುಚ್ಚಿಹೋದರೆ ನೀರು ಏರಿಯನ್ನೇ ಮೀರಿ ಹರಿದು, ಒಂದೇ ರಾತ್ರಿಯಲ್ಲಿ ಕೆಳಗಿನ ಊರನ್ನು ಕೊಚ್ಚಿಕೊಂಡು ಹೋದೀತು. ಆದುದರಿಂದಲೇ ಹಿರಿಯರು ಮಳೆಗಾಲಕ್ಕೆ ಮುನ್ನ ಹೂಳೆತ್ತಿ, ತೂಬು ಕೋಡಿಗಳನ್ನು ಸರಿಪಡಿಸಿ, ಏರಿಗೆ ಮಣ್ಣು ಹಾಕುತ್ತಿದ್ದರು.

ಆ ಕಾಯಕದ ನಡುವೆಯೇ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕಟ್ಟಿದೆನೆಂಬ ಅಹಂಕಾರವನ್ನು ಬಿಡಿಸಿ ಅರಿವಿನ ಕಡೆಗೆ ತಿರುಗಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿವರಿಸುವುದು. ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಮುಂದೆ ಶೂನ್ಯಪೀಠವನ್ನೂ ಅಲಂಕರಿಸಿ, ಕೊನೆಗೆ ಸೊನ್ನಲಿಗೆಯಲ್ಲಿಯೇ ಲಿಂಗೈಕ್ಯರಾದರು.

ಬಿರುಕು ಸಣ್ಣದಿರುವಾಗಲೇ ಮುಚ್ಚತಕ್ಕದ್ದು. ಏರಿಗೂ ಮನಸ್ಸಿಗೂ ಇದೊಂದೇ ನಿಯಮ. ತಮ್ಮೂರ ಕೆರೆಯ ಏರಿಯನ್ನು ಎಲ್ಲರೂ ಕೂಡಿ ಕಾಯುವುದು ಭಕ್ತರ ಪಾಲಿಗೆ ದಾಸೋಹವೇ ಸರಿ.