ಗಾಡ್‌ಫ್ರೀ ಬೇಸ್ಲಿ: ರೇಡಿಯೋದೊಳಗೆ ಊರು ಕಟ್ಟಿದವರು

ಹೋದ ವರ್ಷ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ನಮಗೊಂದು ಅವಮಾನ ಆಯ್ತು. ಹನಿ ನೀರಾವರಿ ಬಗ್ಗೆ 40 ಸ್ಲೈಡ್ ಮಾಡ್ಕೊಂಡು, ಪ್ರೊಜೆಕ್ಟರ್ ಹೊತ್ಕೊಂಡು ಹೋಗಿದ್ವಿ. ಹತ್ತನೇ ಸ್ಲೈಡಿಗೆ ಬರೋ ಹೊತ್ತಿಗೆ ದೇವಸ್ಥಾನದ ಜಗಲಿ ಮೇಲೆ ಉಳಿದಿದ್ದವರು ನಾವು, ನಮ್ಮ ಮೇಷ್ಟ್ರು, ಮತ್ತೆ ಬೆಳಕಿಗೆ ಕೈ ಅಡ್ಡ ಹಿಡಿದು ನಾಯಿ-ಮೊಲ ಮಾಡ್ತಿದ್ದ ನಾಲ್ಕು ಮಕ್ಕಳು. ದೊಡ್ಡವರೆಲ್ಲ ಎದುರು ಮನೆಯಲ್ಲಿ ಧಾರಾವಾಹಿ ನೋಡ್ತಾ ಕೂತಿದ್ರು.

ಇದೇ ಪಾಡು ಎಪ್ಪತ್ತೈದು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬಿಬಿಸಿಯವರಿಗೂ ಆಗಿತ್ತು ಅಂತ ಆಮೇಲೆ ತಿಳಿಯಿತು. ಅದಕ್ಕೆ ಮದ್ದು ಹುಡುಕಿದವರು ಗಾಡ್‌ಫ್ರೀ ಬೇಸ್ಲಿ. ಅಲ್ಲಿನ ರೇಡಿಯೋ ಕೇಳುಗರಿಗೆ ಚಿರಪರಿಚಿತ ಹೆಸರು. ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಬೇಸ್ಲಿ ಹುಟ್ಟಿದ್ದು 1904ರಲ್ಲಿ, ವೂಸ್ಟರ್‌ಶೈರ್‌ನ ಆಲ್ವ್‌ಚರ್ಚ್ ಅನ್ನೋ ಹಳ್ಳಿಯಲ್ಲಿ. ಅಪ್ಪನದು ಮಾಂಸದ ಅಂಗಡಿ. ಹಳ್ಳಿಯ ಮಾಂಸದ ಅಂಗಡಿ ಅಂದ್ರೆ ಸುತ್ತಲಿನ ರೈತರೆಲ್ಲ ಬಂದು ಹೋಗೋ ಜಾಗ. ಯಾರ ದನ ಬಡಕಲಾಗಿದೆ, ಯಾರ ಮಗ ಜಮೀನು ಬಿಟ್ಟು ಪಟ್ಟಣಕ್ಕೆ ಹೊರಟ, ಎಲ್ಲಾ ಸುದ್ದಿ ಅಲ್ಲಿ ಸಿಗುತ್ತೆ. ಬೇಸ್ಲಿಗೆ ಹಳ್ಳಿಯ ಮಾತಿನ ಧಾಟಿ ಸಿಕ್ಕಿದ್ದು ಅಲ್ಲೇ ಅಂತ ನಮಗನ್ನಿಸುತ್ತೆ. ನಟನಾಗಿ ರೇಡಿಯೋಗೆ ಬಂದ ಅವರು, ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಬಿಸಿಯ ಬರ್ಮಿಂಗ್‌ಹ್ಯಾಂ ಕೇಂದ್ರದಲ್ಲಿ ಕೃಷಿ ಕಾರ್ಯಕ್ರಮಗಳನ್ನು ನೋಡಿಕೊಳ್ಳತೊಡಗಿದರು.

ಯುದ್ಧ ಗೆದ್ದ ದೇಶ, ಆದರೆ ಹೊಟ್ಟೆಗೆ ರೇಷನ್. ಯುದ್ಧದ ಕಾಲದಲ್ಲೂ ಇಲ್ಲದ ಬ್ರೆಡ್ ರೇಷನ್ 1946ರಲ್ಲಿ ಬಂತು. ಮಾಂಸದ ರೇಷನ್ ಮುಗಿಯೋಕೆ 1954ರವರೆಗೆ ಕಾಯಬೇಕಾಯ್ತು. ಇದ್ದ ನೆಲದಲ್ಲೇ ಹೆಚ್ಚು ಬೆಳೀಬೇಕು, ಹೊಸ ಗೊಬ್ಬರ, ಹೊಸ ಯಂತ್ರ, ಹೊಸ ತಳಿಗಳ ವಿಚಾರ ಸಣ್ಣ ರೈತರಿಗೂ ಮುಟ್ಟಬೇಕು ಅನ್ನೋದು ಸರ್ಕಾರದ ಅವಸರ. ಬೇಸ್ಲಿಯವರ ಕಾರ್ಯಕ್ರಮಗಳಲ್ಲಿ ವಿಷಯಕ್ಕೇನೂ ಕೊರತೆಯಿರಲಿಲ್ಲ. ಆದರೆ ಯಾರಿಗೆ ಮುಟ್ಟಬೇಕೋ ಅವರೇ ಕೇಳ್ತಿರಲಿಲ್ಲ.

1948ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ರೈತರು, ಕೃಷಿ ಇಲಾಖೆಯವರು, ಬಿಬಿಸಿಯವರು ಸೇರಿದ ಸಭೆಯೊಂದು ನಡೆಯಿತು. ಅಲ್ಲಿ ಹೆನ್ರಿ ಬರ್ಟ್ ಅನ್ನೋ ರೈತರು ಎದ್ದು ನಿಂತು, ನಮಗೆ ಬೇಕಾಗಿರೋದು ಒಬ್ಬ ಬೇಸಾಯಗಾರ ಡಿಕ್ ಬಾರ್ಟನ್ ಅನ್ನೋ ಅರ್ಥದ ಮಾತು ಹೇಳಿದರು. ಡಿಕ್ ಬಾರ್ಟನ್ ಆಗ ರೇಡಿಯೋದಲ್ಲಿ ಸಂಜೆ ಬರ್ತಿದ್ದ ಪತ್ತೇದಾರಿ ಸಾಹಸ ಧಾರಾವಾಹಿಯ ನಾಯಕ. ಸಭೆ ಗೊಳ್ಳೆಂದು ನಕ್ಕಿತು. ಬೇಸ್ಲಿಗೆ ಆ ಮಾತು ತಲೆಯಲ್ಲಿ ಕೂತುಬಿಡ್ತು. ಅವರು ಹೋಗಿ ಹಿಡಿದದ್ದು ಡಿಕ್ ಬಾರ್ಟನ್ ಬರೆಯುತ್ತಿದ್ದವರನ್ನೇ: ಎಡ್ವರ್ಡ್ ಮೇಸನ್ ಮತ್ತು ಜೆಫ್ರಿ ವೆಬ್.

ಹೀಗೆ ಹುಟ್ಟಿದ್ದು ದಿ ಆರ್ಚರ್ಸ್. 1950ರ ಮೇ ತಿಂಗಳಲ್ಲಿ ಮಧ್ಯ ಇಂಗ್ಲೆಂಡಿಗೆ ಮಾತ್ರ ಒಂದು ವಾರದ ಪ್ರಯೋಗ, 1951ರ ಜನವರಿ 1ರಿಂದ ಇಡೀ ದೇಶಕ್ಕೆ. ಕೆಲವೇ ತಿಂಗಳಲ್ಲಿ ಡಿಕ್ ಬಾರ್ಟನ್‌ನ ಸಂಜೆ 6.45ರ ಸಮಯವನ್ನೂ ಕಸಿದುಕೊಂಡಿತು. ಪತ್ತೇದಾರ ಮನೆಗೆ ಹೋದ, ರೈತ ಉಳಿದ!

ಬೇಸ್ಲಿ ಒಂದು ಊರನ್ನೇ ಕಟ್ಟಿದರು. ಊರಿನ ಹೆಸರು ಆಂಬ್ರಿಜ್, ಜಿಲ್ಲೆ ಬಾರ್ಸೆಟ್‌ಶೈರ್. ಎರಡೂ ಮ್ಯಾಪಿನಲ್ಲಿ ಸಿಗಲ್ಲ. ಬ್ರೂಕ್‌ಫೀಲ್ಡ್ ಅನ್ನೋ ಜಮೀನಿನಲ್ಲಿ ಡ್ಯಾನ್ ಆರ್ಚರ್, ಹೆಂಡತಿ ಡೋರಿಸ್, ಮಗ ಫಿಲ್. ಪಕ್ಕದಲ್ಲಿ ಗೊಗ್ಗರು ದನಿಯ ವಾಲ್ಟರ್ ಗೇಬ್ರಿಯಲ್, ಸಂಜೆ ಎಲ್ಲರೂ ಸೇರೋಕೆ ಬುಲ್ ಅನ್ನೋ ಪಬ್. ಕಥೆ ಅಂತ ದೊಡ್ಡದೇನಿಲ್ಲ. ಅಡುಗೆಮನೆಯಲ್ಲಿ ಟೀ ಕುಡೀತಾ ಗಂಡ ಹೆಂಡತಿ ಹಾಲಿನ ಲೆಕ್ಕ ಹಾಕ್ತಾರೆ. ಓದಿದ ಮಗ ಹೊಸ ಪದ್ಧತಿ ಅಂತಾನೆ, ಅಪ್ಪ ಗೊಣಗ್ತಾನೆ. ಆ ಜಗಳದೊಳಗೇ ಇಲಾಖೆಯ ಸಲಹೆ ಅಡಗಿರುತ್ತೆ. ಅಧಿಕಾರಿ ಬಂದು ಹೇಳಿದ್ರೆ ರೇಡಿಯೋ ಆರಿಸ್ತಿದ್ದ ರೈತ, ಡ್ಯಾನ್ ಸೋತು ಒಪ್ಪಿಕೊಂಡಾಗ ತಾನೂ ಯೋಚನೆಗೆ ಬೀಳ್ತಿದ್ದ. 1956ರಲ್ಲಿ ಬ್ರೂಕ್‌ಫೀಲ್ಡಿಗೆ ಕಾಲುಬಾಯಿ ಜ್ವರ ಬಂದು ದನಗಳನ್ನೆಲ್ಲ ಕೊಲ್ಲಬೇಕಾಯ್ತು. ಯಾವ ಕರಪತ್ರ ಆ ರೋಗದ ಭಯವನ್ನು ಅಷ್ಟು ಚೆನ್ನಾಗಿ ತಿಳಿಸೀತು?

ಶಬ್ದಗಳ ವಿಷಯ ಹೇಳದಿದ್ರೆ ಇಸಿ ಬ್ರಾಂಚಿನವರು ಬೇಜಾರು ಮಾಡ್ಕೋತಾರೆ. ಈ ನಾಟಕದ ಸ್ಟುಡಿಯೋದಲ್ಲಿ ಹೊಲದ ಗೇಟು ಅಂದ್ರೆ ಇಸ್ತ್ರಿ ಹಲಗೆಯ ಕಿರಗುಟ್ಟುವಿಕೆ. ಕುರಿ ಮರಿ ಹಾಕೋ ಸದ್ದಿಗೆ ಮೊಸರು ಮತ್ತು ಒದ್ದೆ ಟವೆಲ್.

1955ರ ಸೆಪ್ಟೆಂಬರ್ 22ರ ಸಂಜೆ, ಹೊಸದಾಗಿ ಮದುವೆಯಾಗಿದ್ದ ಫಿಲ್‌ನ ಹೆಂಡತಿ ಗ್ರೇಸ್, ಉರಿಯುತ್ತಿದ್ದ ಲಾಯದಿಂದ ಕುದುರೆ ಬಿಡಿಸೋಕೆ ಹೋಗಿ ಸತ್ತಳು. ಕೇಳುತ್ತಿದ್ದವರು ಸುಮಾರು 2 ಕೋಟಿ ಜನ. ಬಿಬಿಸಿಯ ಫೋನುಗಳೆಲ್ಲ ಜಾಮ್. ಇಲ್ಲದ ಹೆಣ್ಣುಮಗಳಿಗೆ ಜನ ನಿಜವಾದ ಹೂಗಳನ್ನು ಕಳಿಸಿದರು. ಬ್ರಿಟನ್ನಿನ ಮೊದಲ ವಾಣಿಜ್ಯ ಟಿವಿ ಚಾನೆಲ್ ಶುರುವಾಗಿದ್ದೂ ಅದೇ ರಾತ್ರಿ. ಕಾಕತಾಳೀಯ ಅಂದ್ರೆ ನಾವಂತೂ ನಂಬಲ್ಲ.

ಇದಕ್ಕಿಂತ ಕಹಿ ಸಂಗತಿ ಇನ್ನೊಂದಿದೆ. ಗ್ರೇಸ್ ಪಾತ್ರ ಮಾಡುತ್ತಿದ್ದ ಇಸಾನ್ ಚರ್ಚ್‌ಮನ್, ಕಲಾವಿದರ ಸಂಘ ಮತ್ತು ಸಂಬಳದ ವಿಚಾರದಲ್ಲಿ ದನಿ ಎತ್ತಿದ್ದಕ್ಕೇ ಬೇಸ್ಲಿ ತನ್ನ ಪಾತ್ರವನ್ನು ಮುಗಿಸಿದರು ಅಂತ ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಬೇಸ್ಲಿ ಕಟ್ಟುನಿಟ್ಟಿನ ಮನುಷ್ಯ, ಆಂಬ್ರಿಜ್ ತನ್ನ ಸ್ವಂತ ಆಸ್ತಿ ಅನ್ನೋ ಹಾಗೆ ಆಳಿದವರು. ಹಳ್ಳಿಯ ಮನಸ್ಸು ಅಷ್ಟು ಚೆನ್ನಾಗಿ ಬಲ್ಲವರಿಗೆ ಪಕ್ಕದಲ್ಲೇ ಮೈಕಿನ ಮುಂದೆ ನಿಂತವರ ಕಷ್ಟ ಕಾಣಲಿಲ್ಲವಾ? ಅವರ ಮೇಲಿನ ನಮ್ಮ ಅಭಿಮಾನ ಇಲ್ಲಿ ಸ್ವಲ್ಪ ಮುಕ್ಕಾಗಿದೆ.

ಕೊನೆಗೆ ಅವರನ್ನೂ ಕಥೆಯಿಂದ ತೆಗೆದರು. ಇಪ್ಪತ್ತು ವರ್ಷಕ್ಕೂ ಮೇಲೆ ಸಂಪಾದಕರಾಗಿದ್ದ ಬೇಸ್ಲಿಗೆ 1970ರ ದಶಕದ ಶುರುವಿನಲ್ಲಿ ಬಿಬಿಸಿ ಬಾಗಿಲು ತೋರಿಸಿತು. 1972ರಲ್ಲಿ ರೈತರಿಗೆ ತಿಳಿವಳಿಕೆ ಕೊಡೋ ಅಧಿಕೃತ ಹೊಣೆಯೂ ನಾಟಕದ ಹೆಗಲಿಂದ ಇಳಿಯಿತು. ಆಂಬ್ರಿಜ್ ಮಾತ್ರ ನಿಲ್ಲಲಿಲ್ಲ. ಫಿಲ್ ಪಾತ್ರದ ನಾರ್ಮನ್ ಪೇಂಟಿಂಗ್ 2009ರಲ್ಲಿ ತೀರಿಕೊಳ್ಳುವವರೆಗೂ ಅದೇ ಪಾತ್ರ ಮಾಡಿದರು. ಮೊದಲ ಕಂತಿನ ಮಗ ಅಷ್ಟರಲ್ಲಿ ಅಜ್ಜನಾಗಿದ್ದ. ಈಗ ನಾಟಕ 20,000 ಕಂತು ದಾಟಿದೆ, ಜಗತ್ತಿನಲ್ಲೇ ಅತಿ ದೀರ್ಘ ಕಾಲ ನಡೆದ ನಾಟಕ ಅನ್ನಿಸಿಕೊಂಡಿದೆ.

ದೂರದಲ್ಲಿ ಕೂತು ಬೇಸ್ಲಿ ಅದನ್ನು ಕೇಳುತ್ತಲೇ ಇದ್ದರು, ಹಳ್ಳಿ ಹೀಗಿರಲ್ಲ ಅಂತ ಗೊಣಗುತ್ತಲೇ ಇದ್ದರು, ಥೇಟ್ ಡ್ಯಾನ್ ಆರ್ಚರ್ ಥರ. ಆಂಬ್ರಿಜ್‌ನ ವಾರದ ಕಂತುಗಳನ್ನೆಲ್ಲ ಸೇರಿಸಿ ಭಾನುವಾರ ಬೆಳಗ್ಗೆ ಮತ್ತೆ ಕೇಳಿಸೋದು ಬಿಬಿಸಿಯ ವಾಡಿಕೆ. ಬೇಸ್ಲಿ ತೀರಿಕೊಂಡದ್ದು 1997ರ ಫೆಬ್ರವರಿ 2ರಂದು, 92ನೇ ವಯಸ್ಸಿನಲ್ಲಿ. ಅವತ್ತು ಭಾನುವಾರ.