ಚಲನಚಿತ್ರದ ಆದಿಪುರುಷ ದಾದಾಸಾಹೇಬ ಫಾಲ್ಕೆ

ಸಿನಿಮಾ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ರಾಮನಗರದ ಬೆಟ್ಟಗಳು. 1975ರಲ್ಲಿ ತೆರೆಕಂಡ ‘ಶೋಲೆ’ಯ ಬಹುಭಾಗ ಚಿತ್ರಿತವಾದುದು ಆ ಬಂಡೆಗಳ ನಡುವೆಯೇ. ಅಂಥ ದೊಡ್ಡ ಚಿತ್ರ ತಯಾರಾದ ಸೀಮೆಯವರಾದುದರಿಂದಲೋ ಏನೋ, ರಾಶಿ ಹಣವೂ ಭಾರಿ ಯಂತ್ರಗಳೂ ಇಲ್ಲದವರು ಚಿತ್ರ ತೆಗೆಯುವ ಮಾತನ್ನೇ ಆಡಬಾರದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂದು ತಿಳಿಯಬೇಕಾದರೆ ಭಾರತೀಯ ಚಲನಚಿತ್ರದ ಜನಕರೆನಿಸಿದ ದಾದಾಸಾಹೇಬ ಫಾಲ್ಕೆಯವರ ಜೀವನವನ್ನು ಅವಲೋಕಿಸಬೇಕು.

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ಸಂಸ್ಕೃತ ವಿದ್ವಾಂಸರು. ಮಗನ ಒಲವು ಚಿತ್ರಕಲೆಯ ಕಡೆಗೆ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಬರೋಡದ ಕಲಾಭವನದಲ್ಲಿಯೂ ಕಲಿತು, ಗೋಧ್ರಾದಲ್ಲಿ ಛಾಯಾಗ್ರಾಹಕರಾದರು. ಅಲ್ಲಿ ಪ್ಲೇಗು ಬಡಿದು ಮೊದಲ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡರು. ಮುಂದೆ ಪುರಾತತ್ವ ಇಲಾಖೆಯ ನೌಕರಿ, ಅನಂತರ ಸ್ವಂತ ಮುದ್ರಣಾಲಯ. ಪಾಲುದಾರರೊಡನೆ ವಿರಸ ಬಂದು ಅದನ್ನೂ ಬಿಟ್ಟಾಗ ಅವರಿಗೆ ನಲವತ್ತು ವರ್ಷ, ಕೈಯಲ್ಲಿ ಉದ್ಯೋಗವಿಲ್ಲ.

1911ರಲ್ಲಿ ಮುಂಬಯಿಯ ಡೇರೆಯೊಂದರಲ್ಲಿ ಅವರು ಏಸುವಿನ ಜೀವನವನ್ನು ಕುರಿತ ಮೂಕಿಚಿತ್ರವನ್ನು ನೋಡಿದರು. ನಮ್ಮ ರಾಮನೂ ಕೃಷ್ಣನೂ ಹೀಗೆ ತೆರೆಯ ಮೇಲೆ ಏಕೆ ನಡೆದಾಡಬಾರದೆಂಬ ಯೋಚನೆ ಅಂದಿನಿಂದ ಅವರನ್ನು ಬಿಡಲಿಲ್ಲ. ಹಗಲಿರುಳೂ ಅಭ್ಯಾಸ ನಡೆಸಿ ಕಣ್ಣಿನ ದೃಷ್ಟಿಯೇ ಮಂಕಾಯಿತು; ಚಿಕಿತ್ಸೆಯಿಂದ ಅದು ಮರಳಿ ಬಂದುದು ಅವರ ಪುಣ್ಯ. ಜೀವವಿಮೆಯ ಪತ್ರಗಳನ್ನು ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೋದರು. ಸೆಸಿಲ್ ಹೆಪ್‌ವರ್ಥ್ ಎಂಬ ನಿರ್ಮಾಪಕರು ತಮ್ಮ ಸ್ಟುಡಿಯೋದ ಕೆಲಸಗಳನ್ನೆಲ್ಲ ತೋರಿಸಿಕೊಟ್ಟರು. ಫಾಲ್ಕೆಯವರು ಕೈಯಿಂದ ಹಿಡಿ ತಿರುಗಿಸುವ ವಿಲಿಯಮ್‌ಸನ್ ಕ್ಯಾಮರಾ ಒಂದನ್ನು ಕೊಂಡು ಏಪ್ರಿಲಿನಲ್ಲಿ ಹಿಂದಿರುಗಿದರು.

ಕ್ಯಾಮರಾ ಬಂದಿತು, ಚಿತ್ರಕ್ಕೆ ಹಣ ಹಾಕುವವರು ಬರಲಿಲ್ಲ. ಆಗ ಅವರು ಮಾಡಿದ ಕಾರ್ಯವೇ ನನ್ನನ್ನು ಬಹುವಾಗಿ ಆಕರ್ಷಿಸಿದುದು. ಕುಂಡದಲ್ಲಿ ಬಟಾಣಿ ಕಾಳೊಂದನ್ನು ಬಿತ್ತಿ, ಅದರೆದುರು ಕ್ಯಾಮರಾವನ್ನು ನಿಲ್ಲಿಸಿ, ಮೊಳಕೆ ಬೆಳೆದಂತೆಲ್ಲ ದಿನದಿನವೂ ಬಿಡಿ ಬಿಡಿಯಾಗಿ ಚಿತ್ರ ತೆಗೆದರು. ಆ ಕಾಲದ ಮೂಕಿಚಿತ್ರಗಳಲ್ಲಿ ಸೆಕೆಂಡಿಗೆ ಸುಮಾರು 16 ಬಿಡಿಚಿತ್ರಗಳು ತೆರೆಯ ಮೇಲೆ ಸರಿಯುತ್ತಿದ್ದವು. ಎಂದರೆ ಒಂದು ನಿಮಿಷದ ನೋಟಕ್ಕೆ ಒಂಬೈನೂರಕ್ಕೂ ಮಿಕ್ಕ ಬಿಡಿಚಿತ್ರಗಳು ಬೇಕು. ತಾಳ್ಮೆಯಲ್ಲದೆ ಇದಕ್ಕೆ ಬೇರೆ ಬಂಡವಾಳವಿಲ್ಲ. ವಾರಗಟ್ಟಲೆ ನಡೆದ ಬೆಳವಣಿಗೆ ತೆರೆಯ ಮೇಲೆ ನಿಮಿಷದೊಳಗೆ ನಡೆದುಹೋದುದನ್ನು ಕಂಡವರು ಬೆರಗಾದರು. ಹಣ ಹುಟ್ಟಿದುದು ಈ ಕಿರುಚಿತ್ರದಿಂದ.

ಅಷ್ಟಾದರೂ ಹಣ ಸಾಲದೆ ಪತ್ನಿ ಸರಸ್ವತೀಬಾಯಿಯವರ ಒಡವೆಗಳೂ ಹೋದವು. ಆ ತಾಯಿ ಕೊಟ್ಟುದು ಒಡವೆಯನ್ನು ಮಾತ್ರವಲ್ಲ. ಕತ್ತಲೆಯ ಕೋಣೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರ ಹೊಡೆದವರು, ರಾಸಾಯನಿಕಗಳನ್ನು ಬೆರೆಸಿ ಅದನ್ನು ತೊಳೆದವರು, ಚಿತ್ರದ ತಂಡಕ್ಕೆಲ್ಲ ದಿನವೂ ಅಡುಗೆ ಮಾಡಿ ಬಡಿಸಿದವರು ಅವರೇ. ಸ್ತ್ರೀಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದಿರಲು, ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಸಾಳುಂಕೆ ಎಂಬ ಯುವಕ ತಾರಾಮತಿಯಾದ. ಫಾಲ್ಕೆಯವರ ಮಗ ಭಾಲಚಂದ್ರನೇ ರೋಹಿತಾಶ್ವ. ಹೀಗೆ ಮನೆಯವರ ದುಡಿಮೆಯಿಂದ ಸಿದ್ಧವಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡು ಜಯ ಪಡೆಯಿತು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂಬ ಕೀರ್ತಿ ಅದರದು.

1917ರ ‘ಲಂಕಾದಹನ’ದಲ್ಲಿ ಸಾಳುಂಕೆಯೇ ರಾಮನೂ ಆದ, ಸೀತೆಯೂ ಆದ! ಜನ ಕಿಕ್ಕಿರಿದು ನೋಡಿದರು. ಗೆದ್ದ ಮೇಲೂ ಫಾಲ್ಕೆಯವರು ಸಣ್ಣ ಚಿತ್ರಗಳನ್ನು ಕೈಬಿಡಲಿಲ್ಲವೆಂಬುದು ಗಮನಾರ್ಹ. ಬೆಂಕಿಕಡ್ಡಿಗಳ ಆಟವನ್ನೂ, ಚಲನಚಿತ್ರ ತಯಾರಾಗುವ ಬಗೆಯನ್ನೂ ಕಿರುಚಿತ್ರಗಳಾಗಿಸಿದರು. ಆದರೆ ಮಾತನಾಡುವ ಚಿತ್ರಗಳು ಬಂದ ಮೇಲೆ ಅವರ ಕಾಲ ಮುಗಿಯಿತು. 1937ರ ‘ಗಂಗಾವತರಣ’ವೇ ಕೊನೆಯದು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ, ಲೋಕ ಹೆಚ್ಚುಕಡಿಮೆ ಮರೆತಿದ್ದಾಗ, ಕಣ್ಮುಚ್ಚಿದರು. ಅವರ ಹೆಸರಿನ ಪ್ರಶಸ್ತಿ 1969ನೆಯ ವರ್ಷದಿಂದ ಸಲ್ಲುತ್ತಿದ್ದು, ನಮ್ಮ ಡಾ. ರಾಜ್‌ಕುಮಾರ್ ಅವರಿಗೆ 1995ನೆಯ ಸಾಲಿನದು ದೊರೆಯಿತು.

ಫಾಲ್ಕೆಯವರ ಕಥೆಯಿಂದ ಒಡವೆ ಅಡವಿಡುವುದನ್ನು ಕಲಿಯಬೇಕೆಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ; ನನ್ನ ಶುಲ್ಕಕ್ಕಾಗಿ ತಾಯಿಯ ಓಲೆ ಒಮ್ಮೆ ಅಡವಿಗೆ ಹೋದುದನ್ನು ಬಲ್ಲೆ. ಅದೇ ಕೈಯಿಂದ ಕ್ಯಾಮರಾಕ್ಕೆ ಹಣ ಕೇಳಲು ನನಗೆ ಮನಸ್ಸಿಲ್ಲ. ಕಲಿಯಬೇಕಾದುದು ಬಟಾಣಿ ಗಿಡದ ಪಾಠವನ್ನು. ಇಂದು ನಮ್ಮಲ್ಲಿ ಅನೇಕರ ಜೇಬಿನಲ್ಲಿರುವ ಮೊಬೈಲು ಹಿಡಿ ತಿರುಗಿಸುವ ಶ್ರಮವಿಲ್ಲದೆ, ಫಿಲ್ಮಿನ ಖರ್ಚಿಲ್ಲದೆ ಚಿತ್ರ ತೆಗೆಯುತ್ತದೆ. ಬೈರಾಪಟ್ಟಣದ ನಮ್ಮ ಮನೆಯಲ್ಲಿ ಹಣ್ಣಾದ ರೇಷ್ಮೆಹುಳು ಚಂದ್ರಿಕೆಗೆ ಏರಿ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಬರುವ ಬೆಳೆಗೆ ಅದನ್ನೇ ಒಂದು ನಿಮಿಷದ ಚಿತ್ರವಾಗಿ ಹಿಡಿಯಬೇಕೆಂದಿದ್ದೇನೆ. ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಗೆಳೆಯರು ಮರದ ತುಂಡು ಗೊಂಬೆಯಾಗುವುದನ್ನು ಹಿಡಿಯಲಿ. ಹಣ ಬಂದ ಮೇಲೆ ಚಿತ್ರವೆಂದು ಫಾಲ್ಕೆಯವರು ಕಾದು ಕುಳಿತಿದ್ದರೆ ಹರಿಶ್ಚಂದ್ರ ತೆರೆಗೆ ಬರುತ್ತಿರಲಿಲ್ಲ.